ಕೆರೆ ಕಟ್ಟೆಯ ಮೇಲೆ ಎತ್ತಿದ ಕೈ

ಕುರುಡುಮಲೆಯ ವೆಂಕಟ್‌ಗೆ ಸರ್ಕಾರಿ ಕೆಲಸ ಸಿಕ್ಕಿತೆಂದು ಅವನ ತಾಯಿ ಗಂಗರತ್ನಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದರು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲಸ ಆರೋಗ್ಯ ಇಲಾಖೆಗಾಗಿ, ಸಂಬಳ ಯಾವುದೋ ಯೋಜನೆಯದು, ಆದೇಶ ಒಂದೇ ವರ್ಷದ್ದು. ಯಾರಾದರೂ ಕೆದಕಿ ಕೇಳಿದರೆ ವೆಂಕಟ್, “ಸರ್ಕಾರದಲ್ಲಿ ಬಾಡಿಗೆಗೆ ಇದೀನಿ” ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಚಿಕೂನ್‌ಗುನ್ಯಾ ಬಂದಾಗ ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಹರೆಯದವರೂ ಗೋಡೆ ಹಿಡಿದು ನಡೆದಿದ್ದರು. ಒಂದೂರಿನ ಸುದ್ದಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜ್ವರ ಪಕ್ಕದೂರು ಮುಟ್ಟಿರುತ್ತಿತ್ತು. ಅದಕ್ಕೇ 2008ರಲ್ಲಿ ಹೊಸ ಏರ್ಪಾಡು ಬಂತು. ವೆಂಕಟ್‌ನಂಥ ಹುಡುಗರ ಕೈಗೆ ಟಾರ್ಚ್ ಇರುವ ಪುಟ್ಟ ಮೊಬೈಲ್ ಕೊಟ್ಟು, ತಮಗೆ ವಹಿಸಿದ ಹಳ್ಳಿಯಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ದಿನಾ ಎಸ್ಸೆಮ್ಮೆಸ್ ಮಾಡಬೇಕೆಂದರು. ಅದು ನೇರ ಮುಳಬಾಗಿಲಿನ ಡಾಕ್ಟರ್ ಪ್ರಿಯಂವದಾ ಅವರ ಕಂಪ್ಯೂಟರಿಗೆ ಹೋಗುತ್ತಿತ್ತು.

ತರಬೇತಿಯಲ್ಲಿ ಡಾಕ್ಟರಮ್ಮ ಒಂದು ಮಾತನ್ನು ಒತ್ತಿ ಹೇಳಿದ್ದರು: “ಯಾರಿಗೂ ಜ್ವರ ಇಲ್ದಿದ್ರೆ ಸೊನ್ನೆ ಅಂತ ಕಳಿಸಿ. ಸುಮ್ನಿದ್ದುಬಿಟ್ರೆ ಜ್ವರ ಇಲ್ವೋ, ನೀವೇ ಇಲ್ವೋ, ನನಗೆ ಹೇಗ್ರೀ ಗೊತ್ತಾಗ್ಬೇಕು?” ಆ ಹೊತ್ತಿನಲ್ಲಿ ವೆಂಕಟ್ ಹಿಂದಿನ ಸಾಲಿನಲ್ಲಿ ಕೂತು ರಿಂಗ್‌ಟೋನ್ ಬದಲಾಯಿಸುವುದನ್ನು ಕಲಿಯುತ್ತಿದ್ದ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಏನೂ ಇಲ್ಲ ಅಂತ ಹೇಳೋದಕ್ಕೆ ಒಂದು ಎಸ್ಸೆಮ್ಮೆಸ್ ಬೇರೆ ಬೇಕಾ ಎಂದುಕೊಂಡ.

ಅವನ ಪಾಲಿಗೆ ಬಂದದ್ದು ದೇವರಾಯಸಮುದ್ರದಿಂದ ಒಳಗಿರುವ ಗುಂಡ್ಲಪಲ್ಲಿ. ಸುತ್ತ ಬಂಡೆಗುಡ್ಡ, ನಡುವೆ ರಾಗಿ ಹೊಲ, ಹಿಪ್ಪುನೇರಳೆ ತೋಟ. ಮನೆಮನೆಯಲ್ಲೂ ರೇಷ್ಮೆ ಹುಳು. ಊರೊಳಗೆ ಮೊಬೈಲ್ ಸಿಗ್ನಲ್ ಹೆಸರಿಗೂ ಇಲ್ಲ. ಕೆರೆ ಕಟ್ಟೆಯ ಮೇಲೆ, ತೂಬಿನ ಪಕ್ಕ ನಿಂತು, ಅಕ್ಷರ ಒತ್ತಿ, ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರೆ ಮಾತ್ರ ಎಸ್ಸೆಮ್ಮೆಸ್ ಹೋಗುತ್ತಿತ್ತು. ಹೋಗುವ ತನಕ ಕೈ ಇಳಿಸುವಂತಿಲ್ಲ. ಊರಿನ ಯಾವ ಮೂಲೆಯಲ್ಲಿ ನಿಂತರೂ ಆ ಕೈ ಕಾಣುತ್ತಿತ್ತು.

ವೆಂಕಟ್ ದಿನಾ ಸಾಯಂಕಾಲ ಕಟ್ಟೆ ಹತ್ತುತ್ತಿದ್ದ. ಜ್ವರಕ್ಕಲ್ಲ, ಶ್ವೇತಳಿಗಾಗಿ.

ಶ್ವೇತ ಶ್ರೀನಿವಾಸಪುರದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುವ ಹುಡುಗಿ. ಎರಡೂ ಮನೆಯವರು ಮಾತಾಡಿ ಆಗಿತ್ತು. ಆದರೆ ಅವಳ ಅಪ್ಪ, ಮಾವಿನ ತೋಟದ ಶ್ರೀನಿವಾಸಪ್ಪ, ಒಂದು ಷರತ್ತು ಹಾಕಿದ್ದರು: “ನೋಡಪ್ಪ, ಮುಂದಿನ ವರ್ಷಕ್ಕೂ ಕೆಲಸದ ಆರ್ಡರ್ ಬರ್ಲಿ. ಆಮೇಲೆ ತಾಂಬೂಲ.” ಅಲ್ಲಿಯ ತನಕ ಇಬ್ಬರಿಗೂ ಕಟ್ಟೆಯೇ ಗತಿ. ಇವನು ‘ಏನ್ ಮಾಡ್ತಿದೀಯ’ ಎಂದು ಕಳಿಸಿದರೆ ಅವಳು ‘ಏನಿಲ್ಲ’ ಎನ್ನುವಳು. ಅವಳು ‘ಯಾಕೆ’ ಎಂದರೆ ಇವನು ‘ಸುಮ್ನೆ’ ಎನ್ನುವನು. ಇಷ್ಟು ಹೇಳಿಕೊಳ್ಳುವಷ್ಟರಲ್ಲಿ ವೆಂಕಟ್‌ನ ತೋಳು ಬಿದ್ದು ಹೋಗುತ್ತಿತ್ತು.

ಮೊದಲ ಸಲ ಅವನು ಕೈ ಎತ್ತಿ ನಿಂತದ್ದನ್ನು ನೋಡಿದವರು ಚನ್ನರಾಯಪ್ಪ. ಊರಿನಲ್ಲೇ ದೊಡ್ಡ ಹುಳು ಮನೆ ಅವರದು. ಸೊಪ್ಪು ಕೊಯ್ಯುತ್ತಿದ್ದವರು ಅಲ್ಲಿಂದಲೇ ಕೂಗಿದರು: “ಏನ್ಲಾ ವೆಂಕಟ್, ಜ್ವರದ ಲೆಕ್ಕನಾ?”

ಇಲ್ಲ ಎನ್ನುವುದು ಹೇಗೆ? “ಹೂಂ ಅಣ್ಣಾ!” ಎಂದುಬಿಟ್ಟ.

ಗುಂಡ್ಲಪಲ್ಲಿಯವರಿಗೆ ಜ್ವರಕ್ಕಿಂತ ಭಯ, ಜ್ವರದ ಹಿಂದೆ ಬರುವ ಹೊಗೆ ಗಾಡಿಯದು. ಸೊಳ್ಳೆಗೆ ಬಿಡುವ ಹೊಗೆ ಹುಳು ಮನೆಗೆ ನುಗ್ಗಿದರೆ ಬೆಳೆ ಮುಗಿದ ಹಾಗೆಯೇ. ಸೊಳ್ಳೆ ಇಲ್ಲದಿದ್ದರೆ ಹೊಗೆಯೂ ಇಲ್ಲ, ನಿಂತ ನೀರು ಇಲ್ಲದಿದ್ದರೆ ಸೊಳ್ಳೆಯೂ ಇಲ್ಲ. ಇದನ್ನು ಅವರಿಗೆ ಕಲಿಸಿದವನು ವೆಂಕಟ್ಟೇ. ಹಾಗಾಗಿ ಕಟ್ಟೆಯ ಮೇಲೆ ಕೈ ಎದ್ದದ್ದೇ ತಡ, ಜ್ವರದ ಲೆಕ್ಕ ಹೊರಟಿತೆಂದು ಊರಿನ ಹೆಂಗಸರು ತೊಟ್ಟಿ, ಡ್ರಮ್ಮು, ಒಡೆದ ಮಡಕೆ ಎಲ್ಲ ಬಗ್ಗಿಸಿ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದರು. ಕೋಲಾರದ ಸೀಮೆಯಲ್ಲಿ ನೀರು ಚೆಲ್ಲುವುದೆಂದರೆ ಕರುಳು ಚುರ್ರೆನ್ನುವ ಕೆಲಸ. ಆದರೂ ಚೆಲ್ಲಿದರು. ಮೇಲೆ ನಿಂತ ವೆಂಕಟ್ ‘ಊಟ ಆಯ್ತಾ’ ಎಂದು ಕೇಳುತ್ತಿದ್ದ. ಕೆಳಗೆ ಊರು ತೊಳೆದಿಟ್ಟ ಹಾಗಿರುತ್ತಿತ್ತು.

ಆರ್ಡರ್ ಬರುವುದಕ್ಕೆ ಸ್ವಲ್ಪ ಮುಂಚೆ ಡಾಕ್ಟರ್ ಪ್ರಿಯಂವದಾ ಜೀಪಿನಲ್ಲಿ ಬಂದಿಳಿದರು. ವೆಂಕಟ್ ಅವರನ್ನು ಅರಳಿಕಟ್ಟೆಯ ಹತ್ತಿರ ಕೂರಿಸಿದ. ಚನ್ನರಾಯಪ್ಪ ಬಂದರು, ಊರಿಗೆಲ್ಲ ಅಜ್ಜಿಯಾದ ಮುನಿಯಲ್ಲಮ್ಮ ಎಲೆಅಡಿಕೆ ಚೀಲದ ಸಮೇತ ಬಂದಳು.

“ವೆಂಕಟ್ ಸರಿಯಾಗಿ ಕೆಲಸ ಮಾಡ್ತಾರಾ?” ಡಾಕ್ಟರಮ್ಮ ಕೇಳಿದರು.

ಹುಡುಗನ ಕೆಲಸಕ್ಕೆ ಕುತ್ತು ಬಂದಿದೆಯೆಂದು ಮುನಿಯಲ್ಲಮ್ಮನಿಗೆ ಹೊಳೆಯಿತು. ಸೊಂಟ ಕಟ್ಟಿ ನಿಂತಳು. “ಅಯ್ಯೋ ಡಾಕ್ಟ್ರಮ್ಮ, ಚಿನ್ನದಂತ ಹುಡುಗ! ದಿನಾ ಸಾಯಂಕಾಲ ಕಟ್ಟೆ ಮೇಲೆ ನಿಂತ್ಕಂಡು ನಿಮ್ಗೆ ಕಳಿಸ್ತಾನೆ ಇರ್ತಾನೆ.”

“ಒಂದು ದಿನ ತಪ್ಸಿಲ್ಲ,” ಎಂದರು ಚನ್ನರಾಯಪ್ಪ. “ಮಳೇಲೂ ಛತ್ರಿ ಹಿಡ್ಕಂಡು ನಿಂತಿದ್ದ.”

ವೆಂಕಟ್ ಅರಳಿಮರದ ಎಲೆಗಳನ್ನು ನೋಡತೊಡಗಿದ.

“ಹೌದಾ?” ಡಾಕ್ಟರಮ್ಮನ ಹುಬ್ಬು ಮೇಲೇರಿತು. “ನನಗೆ ಒಂದೂ ಬಂದಿಲ್ವಲ್ಲ. ಈ ಊರಿಂದ ಸುದ್ದಿಯೇ ಇಲ್ಲ ಅಂತ ತಾನೇ ನಾನು ಬಂದಿದ್ದು!”

ಮುನಿಯಲ್ಲಮ್ಮ ಬಾಯಿಗೆ ಒಯ್ಯುತ್ತಿದ್ದ ಎಲೆಯನ್ನು ಅಲ್ಲೇ ನಿಲ್ಲಿಸಿದಳು. “ಏಮಿರಾ ವೆಂಕಟ್? ಮತ್ತೆ ಯಾರಿಗ್ಲಾ ಕಳಿಸ್ತಿದ್ದೆ?”

ಸುಳ್ಳು ಹೇಳುವುದಕ್ಕೂ ಒಂದಿಷ್ಟು ತಯಾರಿ ಬೇಕು. ವೆಂಕಟ್‌ಗೆ ಅದಿರಲಿಲ್ಲ. “ಶ್ವೇತಂಗೆ” ಎಂದ. ಯಾವ ಶ್ವೇತ ಎಂದೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ತಾಂಬೂಲದ ಷರತ್ತಿನ ತನಕ ಹೋದ.

“ಓರಿ ನಿನ್ನ!” ಮುನಿಯಲ್ಲಮ್ಮ ಹಣೆ ಚಚ್ಚಿಕೊಂಡಳು. “ನೀನು ಹುಡುಗಿ ಹತ್ರ ಸರಸ ಆಡೋಕೆ ನಾವು ದಿನಾ ತೊಟ್ಟಿ ನೀರು ಚೆಲ್ಲಿದ್ವಾ?”

ಡಾಕ್ಟರಮ್ಮ ಎದ್ದು ಮನೆಮನೆಯ ಹಿತ್ತಿಲು ನೋಡಿ ಬಂದರು. ಒಂದು ತೊಟ್ಟಿಯಲ್ಲೂ ಸೊಳ್ಳೆಮರಿ ಇರಲಿಲ್ಲ. ಯಾರಾದರೂ ಮಲಗಿದ್ದಾರಾ ಎಂದು ವಿಚಾರಿಸಿದಾಗ ಚನ್ನರಾಯಪ್ಪ, “ನಮ್ಮೂರಲ್ಲಿ ಹುಳ ಬಿಟ್ರೆ ಇನ್ಯಾರೂ ಮಲಗಿಲ್ಲಮ್ಮ” ಎಂದರು.

“ಅಂದ್ರೆ ಸೊನ್ನೆ ಕಳಿಸ್ಬೇಕಿತ್ತು,” ಡಾಕ್ಟರಮ್ಮ ವೆಂಕಟ್‌ನತ್ತ ತಿರುಗಿದರು. “ಯಾಕೆ ಕಳಿಸ್ಲಿಲ್ಲ?”

“ಏನೂ ಇಲ್ಲ ಅಂತ ಏನ್ ಕಳಿಸೋದು ಅಂತ, ಮೇಡಂ...”

“ಆ ಹುಡುಗಿಗೆ ದಿನಾ ಏನ್ ಕಳಿಸ್ತೀರಿ?”

ವೆಂಕಟ್ ನೆಲ ನೋಡಿದ. “ಏನಿಲ್ಲ, ಸುಮ್ನೆ ಅಂತ.”

“ಅದನ್ನೇ ನನಗೂ ಕಳಿಸಿ!” ಎಂದರು ಡಾಕ್ಟರಮ್ಮ. ನಗು ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡು ಮುಖ ಗಟ್ಟಿ ಮಾಡಿದರು. “ಅವಳು ಒಂದು ದಿನ ಉತ್ತರ ಕೊಡದಿದ್ರೆ ನಿಮಗೆ ನಿದ್ದೆ ಬರುತ್ತಾ? ನನಗೂ ಹಾಗೇ ಕಣ್ರೀ. ನಿಮ್ಮ ಆರ್ಡರ್ ನನ್ನ ಟೇಬಲ್ ಮೇಲಿದೆ. ಇನ್ನು ಮುಂದೆ ಹೇಗೆ ಮಾಡ್ತೀರಿ ನೋಡಿ ಸಹಿ ಹಾಕ್ತೀನಿ.”

ಅಂದಿನಿಂದ ವೆಂಕಟ್ ಮೊದಲು ಡಾಕ್ಟರಮ್ಮನಿಗೆ ಸೊನ್ನೆ ಕಳಿಸಿ, ಆಮೇಲೆ ಶ್ವೇತಳಿಗೆ ‘ಊಟ ಆಯ್ತಾ’ ಕಳಿಸುತ್ತಿದ್ದ. ಆದರೆ ‘ಊಟ ಆಯ್ತಾ’ ವಿಷಯ ಊರಿಗೆಲ್ಲ ಗೊತ್ತಾಗಿ, ಅವನ ಕೈಯ ಮೇಲಿದ್ದ ಭಕ್ತಿ ಹೊರಟುಹೋಗಿತ್ತು. ತೊಟ್ಟಿಗಳು ಮತ್ತೆ ತುಂಬಿ ನಿಂತವು.

ಮಳೆ ಹಿಡಿದ ಮೇಲೆ ನಿಜವಾಗಿಯೂ ಜ್ವರ ಬಂತು. ಚನ್ನರಾಯಪ್ಪನವರ ಸೊಸೆ ಭಾರತಮ್ಮ ಮಲಗಿದಳು, ಬೆನ್ನಿಗೇ ಪಕ್ಕದ ಮನೆಯ ಅಣ್ಣತಮ್ಮಂದಿರು. ಹುಳು ಗೂಡು ಕಟ್ಟಲು ಇನ್ನೇನು ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಏರಬೇಕಾದ ಹೊತ್ತು ಅದು. ವೆಂಕಟ್ ಕಟ್ಟೆಗೆ ಓಡಿ, ಸಂಖ್ಯೆ ಒತ್ತಿ, ಕೈ ಎತ್ತಿದ. ಎಸ್ಸೆಮ್ಮೆಸ್ ಹೋಯಿತು. ಕೆಳಗೆ ಒಬ್ಬರೂ ಅಲ್ಲಾಡಲಿಲ್ಲ.

“ನೀರು ಚೆಲ್ರೀ! ಜ್ವರ ಬಂದೈತೆ!” ಎಂದು ಕೂಗಿದ.

“ಗೊತ್ತು ಬಿಡೋ, ನಿನ್ ಜ್ವರ!” ಸೊಪ್ಪಿನ ತೋಟದಿಂದ ಹೆಂಗಸರು ನಕ್ಕರು. “ನಮ್ದೂ ಊಟ ಆಯ್ತು ಅಂತ ಶ್ವೇತಂಗೆ ಹೇಳು!”

ವೆಂಕಟ್‌ಗೆ ಅಳು ಬಂತು. ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಆಡಿಸಿದ. ಅದನ್ನು ನೋಡಿದ ಮುನಿಯಲ್ಲಮ್ಮ ಕೈಲಿದ್ದ ಮೊರ ಕೆಳಗಿಟ್ಟಳು.

“ಲೇ, ಎರಡು ಕೈ ಎತ್ತವ್ನೆ ಕಣ್ರೇ! ಹುಡುಗಿಗೆ ಒಂದು ಕೈ ಸಾಕಾಗ್ತಿತ್ತು. ಇದು ಬೇರೆ. ಬಗ್ಗಿಸ್ರೇ ತೊಟ್ಟೀನ!”

ಕತ್ತಲಾಗುವುದರೊಳಗೆ ಊರು ಒಣಗಿತು. ಮರುದಿನ ಡಾಕ್ಟರಮ್ಮ ಮಾತ್ರೆ, ಸೊಳ್ಳೆಪರದೆ ತಂದರು. ಮಲಗಿದವರ ರಕ್ತ ತೆಗೆದರು, ಹಿತ್ತಿಲುಗಳನ್ನು ನೋಡಿದರು. ಹೊಗೆ ಗಾಡಿ ಬೇಡ ಎಂದರು. ಭಾರತಮ್ಮ ಎದ್ದು ಓಡಾಡುವ ಹೊತ್ತಿಗೆ ಚನ್ನರಾಯಪ್ಪನವರ ಚಂದ್ರಿಕೆಗಳಲ್ಲಿ ಹಳದಿ ಗೂಡು ತುಂಬಿತ್ತು. ಅಲ್ಲಿಗೆ ಊರಿನಲ್ಲಿ ಕಾಯಿದೆಯೂ ಆಗಿಹೋಯಿತು: ಒಂದು ಕೈ ಎತ್ತಿದರೆ ಶ್ವೇತ ಅಥವಾ ಸೊನ್ನೆ, ಎರಡು ಕೈ ಎತ್ತಿದರೆ ಜ್ವರ.

ಒಂದು ಸಾಯಂಕಾಲ ವೆಂಕಟ್ ಸೊನ್ನೆ ಕಳಿಸಿ ಕೈ ಇಳಿಸುವಷ್ಟರಲ್ಲಿ ಮೊಬೈಲ್ ಟಿಂಗೆಂದಿತು. ಡಾಕ್ಟರಮ್ಮನದು: ‘ಸಹಿ ಹಾಕಿದ್ದೇನೆ. ಬಂದು ಆರ್ಡರ್ ತೆಗೆದುಕೊಳ್ಳಿ. ತಾಂಬೂಲಕ್ಕೆ ಕರೆಯಿರಿ.’

ವೆಂಕಟ್ ಹಿಂದುಮುಂದು ನೋಡದೆ ಎರಡೂ ಕೈ ಎತ್ತಿ ಕಟ್ಟೆಯ ಮೇಲೆ ಕುಣಿದುಬಿಟ್ಟ.

ಕುಣಿದು ಮುಗಿಸಿ ಕೆಳಗೆ ನೋಡಿದರೆ, ಮನೆಮನೆಯ ಮುಂದೆ ನೀರು ಹರಿಯುತ್ತಿತ್ತು. ಖಾಲಿ ಕೊಡ ಹಿಡಿದು ಮುನಿಯಲ್ಲಮ್ಮ ಕಟ್ಟೆಯ ಬುಡಕ್ಕೇ ಬಂದಿದ್ದಳು. “ಯಾರಿಗ್ಲಾ ಜ್ವರ?”

“ಯಾರಿಗೂ ಇಲ್ಲ ಅಜ್ಜಿ! ನನ್ ಕೆಲಸ ಉಳೀತು!”

ಮುನಿಯಲ್ಲಮ್ಮ ಅವನನ್ನೊಮ್ಮೆ, ಕೊಡವನ್ನೊಮ್ಮೆ ನೋಡಿದಳು. “ಒಳ್ಳೇದಾಯ್ತು ಕಣಪ್ಪ. ಕೆಳಗಿಳಿ. ಮದುವೆ ಗಂಡೇ, ನೀರು ತುಂಬು ಬಾ.”

ಅಂದು ವೆಂಕಟ್ ಬೋರ್‌ವೆಲ್ಲಿನಿಂದ ಮನೆಮನೆಗೂ ನೀರು ಹೊತ್ತ. ಒಂದು ಮನೆಯವರು ಬೆಲ್ಲ ಕೊಟ್ಟರು, ಉಳಿದವರು ಬೈಗುಳ. ಅತ್ತ ಶ್ರೀನಿವಾಸಪುರದಲ್ಲಿ ಶ್ವೇತ ‘ಊಟ ಆಯ್ತಾ’ ಬರಲಿಲ್ಲವೆಂದು ಉಗುರು ಕಚ್ಚುತ್ತ ಕೂತಿದ್ದಳು. ಕೊನೆಯ ಕೊಡ ಇಳಿಸಿ ವೆಂಕಟ್ ಮತ್ತೆ ಕಟ್ಟೆ ಹತ್ತಿದ. ಈ ಸಲ ಜೋಪಾನವಾಗಿ, ಒಂದೇ ಕೈ ಎತ್ತಿದ.