ಮಗ, ನಾಕ್

ನನ್ನೆದುರು ಒಂದು ಬೆರಳೆತ್ತಿ ನಗುತ್ತೀರಲ್ಲ ಮಕ್ಕಳೇ, ಅದರ ಹಿಂದಿನ ಕತೆ ಇದು. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಕೊರೋನಾ ಕಾಲ. ಡೊಂಬಿವಲಿಯಲ್ಲಿ ನಿಮ್ಮ ಅಮ್ಮನಿಗೆ ಎರಡನೆಯ ಹೆರಿಗೆಗೆ ದಿನ ತುಂಬಿತ್ತು. ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದರೆ ಮಾತ್ರ ಒಬ್ಬ ಹೆಂಗಸನ್ನು ಜೊತೆಗೆ ಬಿಡುತ್ತೇವೆ ಎಂದಿದ್ದರು ಆಸ್ಪತ್ರೆಯವರು. ಮೊದಲ ಹೆರಿಗೆಯಲ್ಲಿ ನಿಮ್ಮ ಅಜ್ಜ ಹಾಸಿಗೆ ಹಿಡಿದಿದ್ದರಿಂದ ನನಗೆ ಊರು ಬಿಟ್ಟು ಬರಲಾಗಲಿಲ್ಲ. ಈಗ ಅವರೂ ಇಲ್ಲ. ಈ ಸಲವಾದರೂ ಮಗಳ ಕೈ ಹಿಡಿದು ಕೂರಬೇಕೆಂಬ ಆಸೆ ನನ್ನದು.

ಸ್ಯಾಂಪಲ್ ತೆಗೆಯುವವರು ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿಯಲ್ಲಿದ್ದರು. ಗಂಡೋ ಹೆಣ್ಣೋ ತಿಳಿಯಲಿಲ್ಲ. ನಗುವಾಗಲೂ ಸೆರಗು ಅಡ್ಡ ಹಿಡಿಯುವ ನಾನು ಮಾಸ್ಕ್ ಇಳಿಸಿ, ತುಟಿ ಬಿಗಿದು ಕುಳಿತೆ.

"ಆಜಿ, ತೋಂಡ್ ಉಘಡಾ. ಆಧೀ ಘಸಾ, ಮಗ ನಾಕ್."

ಧ್ವನಿ ಹುಡುಗಿಯದು! ನನಗೆ ಮರಾಠಿ ಬಾರದು. ಆದರೂ ಕೊನೆಯೆರಡು ಮಾತು ನಮ್ಮವೇ ಅನಿಸಿತು. ಮಗ, ನಾಕು. ಪರೀಕ್ಷೆಗೆ ಗಂಡುಮಕ್ಕಳ ಲೆಕ್ಕವೂ ಬೇಕೇನೋ ಎಂದುಕೊಂಡು ನಾಕಲ್ಲವೆಂದು ತಲೆಯಾಡಿಸಿ, ಒಂದು ಬೆರಳೆತ್ತಿದೆ. ನನಗಿರುವುದು ನಿಮ್ಮ ಮಾವ ಒಬ್ಬನೇ ತಾನೇ?

ಮೂಗಿನ ಒಂದೇ ಹೊಳ್ಳೆ ಸಾಕು ಎಂದು ನಾನು ಹೇಳುತ್ತಿದ್ದೇನೆಂದು ಅವಳು ತಿಳಿದಳು. "ನಾಹೀ ಆಜಿ, ದೋನ್!" ಎಂದು ಎರಡು ಬೆರಳು ತೋರಿಸಿದಳು.

"ಹೌದೌದು, ಮಗಳು ಸೇರಿದ್ರೆ ಎರಡು" ಎಂದೆ.

ಹಿಂದಿನ ಕುರ್ಚಿಯಲ್ಲಿದ್ದ ನಿಮ್ಮ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಬಾಯಿ ತೆಗಿ, ಮೊದ್ಲು ಗಂಟಲು ಅಂದಿದ್ದು ಅವ್ಳು! ಮಗ ಅಂದ್ರೆ ಆಮೇಲೆ! ನಾಕ್ ಅಂದ್ರೆ ಮೂಗು! ನಿನ್ನ ಸಂಸಾರದ ಲೆಕ್ಕ ಯಾರು ಕೇಳಿದ್ದು ಮಾರಾಯ್ತಿ? ನಗಿಸ್ಬೇಡ, ಇಲ್ಲೇ ಹೆರಿಗೆ ಆದೀತು!"

ನನಗೂ ನಗು ತಡೆಯಲಾಗಲಿಲ್ಲ. ಸೆರಗಿನ ನೆನಪೇ ಆಗದೆ ಬಾಯಿ ಅಗಲವಾಯಿತು. ಹುಡುಗಿ ಚುರುಕು. ಅಷ್ಟರಲ್ಲೇ ಕಡ್ಡಿ ಗಂಟಲು ಮುಟ್ಟಿ ಬಂತು. ಆಮೇಲೆ ಮೂಗು. ಕಣ್ಣಲ್ಲಿ ನೀರು, ಒಂದು ದೊಡ್ಡ ಸೀನು. "ಝಾಲಂ ಆಜಿ!" ಎಂದಳು. ಮುಗಿಯಿತು ಎಂದು ಕೇಳದೆಯೇ ಅರ್ಥವಾಯಿತು.

ಮರುದಿನ ಸೋಂಕಿಲ್ಲವೆಂದು ಬಂತು. ಹೆರಿಗೆ ಕೋಣೆಯಲ್ಲಿ ನಿಮ್ಮ ಅಮ್ಮ ನನ್ನ ಕೈ ಹಿಂಡಿದ ಹಿಂಡಿಗೆ ಬಳೆ ಸೊಟ್ಟಗಾಯಿತು. ಕೊನೆಗೆ ನರ್ಸ್ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ನನ್ನ ಮಡಿಲಿಗಿಟ್ಟು, "ಮಗ, ಆಜಿ?" ಎಂದಳು.

ಅದು ಅವರ 'ಮತ್ತೇನು' ಅಷ್ಟೇ; ಗಂಡು ಎಂದುಕೊಂಡು ಈ ಸಲ ನಾನು ಮೋಸಹೋಗಲಿಲ್ಲ. ಬಟ್ಟೆ ಸರಿಸಿ ನೋಡಿದೆ. ಪುಟ್ಟೀ, ನೀನು!