ಸೊಗಡೇ ಇಲ್ಲದ ಅವರೆಕಾಯಿ

ನಮ್ಮ ಮನೆಯಲ್ಲಿ ದೇವರಿಗೆ ಇಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಅತ್ತೆ ಸೌಟು ಎತ್ತಿ, ಆವಿಗೆ ಮೂಗೊಡ್ಡಿ, ಉಪ್ಪು ಸಾಲದು ಎಂದರೆ ಸಾಲದು, ಅಷ್ಟೇ. ಗಂಗಾನಗರದ ಈ ಅಡುಗೆಮನೆಗೆ ನಾನು ಇಟಲಿಯ ಅಡುಗೆ ಪುಸ್ತಕಗಳನ್ನು ತಂದಾಗ ಜಗಳ ಹತ್ತಿದ್ದೂ ಇದಕ್ಕೇ. ಅವುಗಳಲ್ಲಿ ಪುಟಪುಟಕ್ಕೂ ರುಚಿ ನೋಡಿ, ರುಚಿ ನೋಡಿ ಎಂದೇ ಬರೆದಿರುತ್ತದೆ. ಅತ್ತೆ ಕೇಳಬೇಕಲ್ಲ! ಬಾಯಿಗಿಡಬೇಡ, ನನ್ನ ಮೂಗಿಗೆ ಹಿಡಿ ಎಂದರು. ಹಾಗಾಗಿ ದೇವರಿಗೂ ಪಾಸ್ತಾ ನೈವೇದ್ಯವಾಯಿತು.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಆರ್.ಟಿ. ನಗರದಿಂದ ನಾಟಿ ಟೊಮ್ಯಾಟೊ ತಂದು ಸಾಸ್ ಕುದಿಸಲಿಟ್ಟಿದ್ದೆ. ಸಾಸ್ ಎಂದು ಹೇಳಿ ಹೇಳಿ ಸೋತೆ, ಅತ್ತೆಗೆ ಅದು ಗೊಜ್ಜೇ. ಹಜಾರದಲ್ಲಿ ಕೂತಿದ್ದ ಅವರು ಅಲ್ಲಿಂದಲೇ, ತಳ ಹಿಡೀತಿದೆ ನೋಡು ಎಂದು ಕೂಗಿದರು. ಓಡಿಹೋಗಿ ನೋಡಿದರೆ ಆಗಷ್ಟೇ ಹಿಡಿಯತೊಡಗಿತ್ತು.

ಮಳೆಗಾಲದಲ್ಲಿ ಸಿಹಿಗುಂಬಳದ ಸೂಪ್ ಮಾಡಿದೆ. ಅತ್ತೆ ಮೂಸಿ, ಉಪ್ಪೇ ಹಾಕಿಲ್ಲ ಎಂದರು. ಹಾಕಿದ್ದೆ. ಆದರೂ ಅವರ ಮಾತು ಮೀರುವುದುಂಟೇ, ಇನ್ನಷ್ಟು ಸುರಿದೆ. ಊಟಕ್ಕೆ ಕೂತ ನನ್ನ ಗಂಡ ಒಂದು ಚಮಚ ಬಾಯಿಗಿಟ್ಟು, ಇಟಲಿಯಲ್ಲಿ ಸಮುದ್ರದ ನೀರಲ್ಲೇ ಅಡುಗೆ ಮಾಡ್ತಾರಾ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಕಡೆ ತಿರುಗಿದರೆ, ಅವರು ಅದೇ ಸೂಪನ್ನು ಸುಮ್ಮನೆ ಕುಡಿದು ಬಟ್ಟಲು ಖಾಲಿ ಮಾಡಿದ್ದರು. ನನಗೆ ಹೆದರಿಕೆಯಾಯಿತು.

ಆಮೇಲೊಂದು ದಿನ ಹಾಲು ಉಕ್ಕಿ ಸೀದರೂ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು. ನೆಗಡಿಯಿರಬೇಕು ಎಂದು ಕಷಾಯ ಮಾಡಿಕೊಟ್ಟೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಮೂಗಿಗೆಲ್ಲ ಡಾಕ್ಟರಾ ಎಂದು ನನ್ನನ್ನೇ ಗದರಿದರು. ಅಡುಗೆಮನೆ ಕೈತಪ್ಪೀತೆಂಬ ಭಯ ಅವರಿಗೆ. ಅದು ಗೊತ್ತಿದ್ದೇ ನಾನೂ ಸುಮ್ಮನಾದೆ.

ಚಳಿಗೆ ಅವರೆಕಾಯಿ ಬಂತು. ಪುಸ್ತಕ ಹೇಳುವ ಕಾಳು ಇಲ್ಲೆಲ್ಲಿ ಸಿಗಬೇಕು, ಅವರೆಕಾಳಿನಲ್ಲೇ ಪಾಸ್ತಾ ಮಾಡೋಣ ಎಂದು ಚೀಲ ತುಂಬ ತಂದು ಹಜಾರದಲ್ಲಿ ಸುರಿದೆ. ಮನೆಯೆಲ್ಲ ಸೊಗಡು. ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯಾಕೆ ಕೂಡ ಬಾಗಿಲಲ್ಲಿ ನಿಂತು, ಎಲ್ಲಿ ಸಿಕ್ಕಿತೆಂದು ಕೇಳಿಕೊಂಡು ಹೋದಳು. ಅತ್ತೆ ಒಂದು ಕಾಯಿ ಸುಲಿದು ಮೂಗಿನ ಹತ್ತಿರ ಹಿಡಿದರು. ಮತ್ತೊಂದು ಸುಲಿದು ಹಿಡಿದರು.

“ಈ ಸಲ ಕಾಯಿ ಚೆನ್ನಾಗಿಲ್ಲ ಕಣೇ. ಸೊಗಡೇ ಇಲ್ಲ.”

ಹೌದತ್ತೆ ಎಂದೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಹಜಾರದಲ್ಲೇ ಗ್ಯಾಸಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಚಳಿಯೆಂದು ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಅತ್ತೆ ನೈವೇದ್ಯದ ಅನ್ನಕ್ಕೆ ಪಾತ್ರೆ ಇಟ್ಟು, ಕೈಯಲ್ಲಿ ಲೈಟರ್ ಹಿಡಿದು ಒಲೆಯತ್ತ ಬಾಗಿದ್ದರು. ಪಕ್ಕದ ಬರ್ನರಿನ ನಾಬ್ ಯಾವಾಗಿನಿಂದ ತೆರೆದಿತ್ತೋ! ಓಡಿಹೋಗಿ ಅವರ ಕೈ ಹಿಡಿದುಕೊಂಡೆ, ನಾಬ್ ತಿರುಗಿಸಿ ಕಿಟಕಿ ತೆಗೆದೆ.

ಅತ್ತೆ ಒಲೆ ನೋಡಿದರು, ಕಿಟಕಿ ನೋಡಿದರು, ನನ್ನ ಮುಖ ನೋಡಿದರು. ಒಮ್ಮೆ ಜೋರಾಗಿ ಉಸಿರೆಳೆದುಕೊಂಡರು. ಆಮೇಲೆ ಲೈಟರನ್ನು ನನ್ನ ಅಂಗೈಯಲ್ಲಿಟ್ಟರು.

“ಇನ್ಮೇಲೆ ಉಪ್ಪು ನೀನೇ ನೋಡ್ಕೋ,” ಎಂದರು. “ಬಾಯಿಗೇ ಹಾಕ್ಕೊಂಡು ನೋಡು.”