ಟವೆಲ್ ಬಂಡೆಯಲ್ಲಿ ನಿಂತವರು

ನನ್ನ ಮೈದುನನನ್ನು ಎಲ್ಲರೂ ಕರೆಯುವುದು ಹಳದಿ ಎಂದು. ಅವನ ಬಲಗೈಯ ಮೂರು ಬೆರಳು, ಅಂಗಿಯ ತೋಳು, ಒಂದು ಕಿವಿಯ ತುದಿ ವರ್ಷವಿಡೀ ಹಳದಿಯಾಗಿರುತ್ತವೆ. ಕಿವಿಗೆ ಬಣ್ಣ ಹೇಗಪ್ಪಾ ಹತ್ತಿತು ಎಂದರೆ, "ಯೋಚ್ನೆ ಮಾಡುವಾಗ ಕೆರ್ಕೋತೀನಿ ಅತ್ತಿಗೆ" ಎನ್ನುತ್ತಾನೆ. ಏನು ಯೋಚನೆ ಎಂದು ಕೇಳಿದರೆ ಬಾಯಿಗೆ ಬೀಗ. ನನಗೋ, ಮುಚ್ಚಿದ ಡಬ್ಬಿ ಕಂಡರೆ ತೆಗೆದು ನೋಡದೆ ಸಮಾಧಾನವಿಲ್ಲ. ಇಂಥವನ ಜೊತೆ ಒಂದೇ ಸೂರಿನಡಿ ಹದಿನೇಳು ವರ್ಷ ಕಳೆದಿದ್ದೇನೆ. ನನ್ನ ತಾಳ್ಮೆ ಎಷ್ಟಿರಬೇಕು, ನೀವೇ ಹೇಳಿ.

ಅವನ ಕೆಲಸ ಕಾಲುದಾರಿಗೆ ಗುರುತು ಹಾಕುವುದು. ನಮ್ಮ ಮನೆಯೆದುರು ನದಿ ಬೆಟ್ಟದ ಸಾಲನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತದೆ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ನಡುವೆ ನೀರು. ಆ ಜಾಗವನ್ನು ಸೀಳು ಎನ್ನುತ್ತೇವೆ. ಬೇಸಿಗೆ ಬಂತೆಂದರೆ ಅಲ್ಲಿ ಜನವೋ ಜನ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರು, ರಬ್ಬರ್ ದೋಣಿಯಲ್ಲಿ ಕೂತು ಕಿರುಚುವವರು, ನೀರಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂರುವವರು. ನಡೆಯುವ ಆಸೆಯವರನ್ನು ನನ್ನ ಗಂಡ ದೋಣಿಯಲ್ಲಿ ಆಚೆ ದಡದ ಕಲ್ಲುಮೆಟ್ಟಿಲಿಗೆ ಬಿಡುತ್ತಾರೆ. ಅಲ್ಲಿಂದ ದಾರಿ ಬೆಟ್ಟದ ನೆತ್ತಿಗೆ ಹತ್ತುತ್ತದೆ. ನೆತ್ತಿಯಿಂದ ಆಚೆಗೆ ಅಗಲವಾದ ಗಾಡಿದಾರಿ, ಕಣ್ಣು ಮುಚ್ಚಿಕೊಂಡು ಇಳಿದರೂ ಬಸ್ ನಿಲ್ದಾಣ ಸಿಗುತ್ತದೆ. ಕಷ್ಟವಿರುವುದು ನದಿಗೆ, ನಮ್ಮ ಮನೆಗೆ ಮುಖ ಮಾಡಿದ ಮಗ್ಗುಲಲ್ಲಿ. ಅಲ್ಲಿ ಬಂಡೆಬಂಡೆಗೂ ಮರಮರಕ್ಕೂ ಅಂಗೈಯಗಲದ ಹಳದಿ ಪಟ್ಟಿ. ಅದು ನನ್ನ ಮೈದುನ ಹದಿನೆಂಟು ವರ್ಷದಿಂದ ವಾರಕ್ಕೊಮ್ಮೆ ಹತ್ತಿ ಹೋಗಿ ಮಾಡಿಕೊಂಡು ಬಂದದ್ದು; ಸಂಜೆಗೆ ಬಸ್ಸಿನಲ್ಲಿ ಮನೆ ಸೇರುತ್ತಾನೆ.

ಈ ನದಿ ಬೆಟ್ಟವನ್ನು ಸುತ್ತಿಕೊಂಡು ಹೋಗಬಹುದಿತ್ತಲ್ಲ, ಅದೇಕೆ ನಡುವಿಗೇ ನುಗ್ಗಿತು? ನಾನು ಮದುವೆಯಾಗಿ ಬಂದ ದಿನದಿಂದ ಕೇಳುತ್ತಿದ್ದೆ. ಮಕ್ಕಳನ್ನು ಕರೆತಂದಿದ್ದ ಮೇಷ್ಟ್ರೊಬ್ಬರು ಕೊನೆಗೂ ಹೇಳಿದರು: ನದಿಯೇ ಮೊದಲು, ಬೆಟ್ಟ ಆಮೇಲೆ. ಬೆಟ್ಟ ಚೂರುಚೂರೇ ಮೇಲೆದ್ದಿತು, ನದಿ ತನ್ನ ಪಾಡಿಗೆ ಕೊರೆಯುತ್ತಾ ಇತ್ತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಹಳದಿ ಮಾತ್ರ ಕಿವಿ ಕೆರೆದುಕೊಂಡು, "ಹಂಗಾದ್ರೆ ನಡುವೆ ಬಂದು ಹಠ ಹಿಡಿದಿದ್ದು ಬೆಟ್ಟ ಅನ್ನಿ" ಎಂದ. ನನ್ನ ಗಂಡ ಅವನನ್ನು ದುರುಗುಟ್ಟಿಕೊಂಡು ನೋಡಿದರು. ಯಾಕೆಂದು ಆಗ ನನಗೆ ಗೊತ್ತಾಗಲಿಲ್ಲ.

ಆಚೆ ದಡದಲ್ಲಿ, ಮೆಟ್ಟಿಲಿನಿಂದ ನದಿ ಹರಿಯುವ ಕಡೆಗೆ ಸ್ವಲ್ಪ ಕೆಳಗೆ, ನೀರಿನ ಮೇಲೆ ಚಾಚಿಕೊಂಡ ಒಂದು ಚಪ್ಪಟೆ ಬಂಡೆಯಿದೆ. ದಾರಿ ತಪ್ಪಿದವರೆಲ್ಲ ಬಂದು ನಿಲ್ಲುವುದು ಅಲ್ಲೇ. ಮುಂದೆ ನೀರು, ಹಿಂದೆ ಕಡಿದಾದ ಜಾರು. ಇಳಿದವರು ಮತ್ತೆ ಹತ್ತಲಾರರು. ಟವೆಲ್ ಬೀಸಿ ಕೂಗುತ್ತಾರೆ, ಹಾಗಾಗಿ ಅದು ಟವೆಲ್ ಬಂಡೆ. ನನ್ನ ಗಂಡ ಬೈದುಕೊಳ್ಳುತ್ತಲೇ ದೋಣಿ ಇಳಿಸಿ, ಹತ್ತಿರ ಹೋಗಿ ಎಲ್ಲರಿಗೂ ಒಂದೇ ಮಾತು ಕೇಳುತ್ತಾರೆ: "ದಾರಿ ತಪ್ಪಿದ್ರಾ?" ಟವೆಲ್ ಬೀಸುತ್ತಾ ನಿಂತವರನ್ನು ಹಾಗೆ ಕೇಳುವುದೆಂದರೆ! ಆದರೂ ಅವರು ಕೇಳದೆ ಬಿಟ್ಟ ದಿನವಿಲ್ಲ.

ಹಳದಿಗೆ ಇದು ತಮಾಷೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇಷ್ಟಿಷ್ಟು ದಪ್ಪ ಗುರುತು ಹಾಕಿದೀನಿ, ಕಾಣಲ್ಲ ಅಂದ್ರೆ ಏನು ಕಣ್ಣೋ ಏನೋ" ಎಂದು ದೋಣಿಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಈ ವರ್ಷ ಒಬ್ಬ ಹೆಂಗಸು ಆ ಜಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡಳು. ದಾರಿಗಳ ಮೇಲ್ವಿಚಾರಕಿ ಮರುದಿನವೇ ಬಂದರು. ನಮ್ಮ ದೋಣಿಮನೆಯ ಬೆಂಚಿನ ಮೇಲೆ ಕೂತು, ನಾನು ಕೊಟ್ಟ ಚಹಾವನ್ನೂ ಮುಟ್ಟದೆ ಹೇಳಿದರು. "ನೋಡಪ್ಪ, ಎರಡು ವಾರ ಟೈಮ್ ಕೊಡ್ತೀನಿ. ಈ ದಾರಿ ಗೊತ್ತೇ ಇಲ್ಲದವರೊಬ್ಬರನ್ನ ಮೇಲಿಂದ ಇಳಿಸ್ತೀನಿ. ನಾನು ಅವರ ಹಿಂದೆ ಬರ್ತೀನಿ, ತುಟಿ ಬಿಚ್ಚಲ್ಲ. ಅವರು ಮೆಟ್ಟಿಲಿಗೆ ಬಂದ್ರೆ ಸರಿ. ಟವೆಲ್ ಬಂಡೆಗೆ ಬಂದ್ರೆ ದಾರಿ ಮುಚ್ತೀನಿ, ನಿನ್ನ ಕೆಲಸಾನೂ ಅಲ್ಲಿಗೆ ಮುಗೀತು."

ಹಳದಿಯ ಮುಖ ಸಣ್ಣಗಾಯಿತು. ಯಾರೋ ಬೇಕೆಂದೇ ಗುರುತು ಅಳಿಸುತ್ತಿದ್ದಾರೆ ಎಂದ. ಮರುದಿನ ಎರಡು ಡಬ್ಬಿ ಬಣ್ಣ ಹೊತ್ತು ಹೋಗಿ ಪಟ್ಟಿಗಳನ್ನೆಲ್ಲ ತಟ್ಟೆಯಗಲ ಮಾಡಿ ಬಂದ. ಭಾನುವಾರ ಮತ್ತೆ ಮೂವರು ಟವೆಲ್ ಬಂಡೆಯಲ್ಲಿ! "ಗುರುತಾ? ಒಂದೂ ಕಾಣ್ಲಿಲ್ವಲ್ಲ" ಎಂದರು. ಆ ದಿನ ಅವನು ನಗಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕಿವಿ ಕೆರೆಯುತ್ತಾ ಕೂತವನನ್ನು ನೋಡಿ ನನಗೆ ಮರುಕ ಬಂತು. ಬೇರೆ ಯಾವ ಕೆಲಸವೂ ಬಾರದ ಮನುಷ್ಯ ಅವನು.

ಮರುಕದ ಜೊತೆ ನನ್ನ ಕುತೂಹಲವೂ ಎದ್ದು ಕೂತಿತು. ಬಂದ ಮೂವರನ್ನು ಕೇಳಿದೆ. "ಎಲ್ಲಿಂದ ಬಂದ್ರಿ?" ಬಸ್ಸಿಳಿದು, ಆಚೆಯಿಂದ ಹತ್ತಿ, ಈ ಕಡೆ ಇಳಿದೆವು ಎಂದರು. ಕಾಲು ಮುರಿದುಕೊಂಡವಳೂ ಹಾಗೇ ಬಂದವಳು. ನನ್ನ ಗಂಡನನ್ನು ಕೇಳಿದೆ.

"ರೀ, ಇಲ್ಲಿಂದ ಹತ್ತೋರು ಯಾರಾದ್ರೂ ದಾರಿ ತಪ್ಪಿದ್ದುಂಟಾ?"

ಅವರು ಹುಟ್ಟನ್ನು ಒರೆಸುತ್ತಾ ಯೋಚಿಸಿದರು. "ಇಲ್ಲ ಕಣೇ. ಒಬ್ರೂ ಇಲ್ಲ."

ಹತ್ತುವವರಿಗೆ ಕಾಣುವ ಗುರುತು ಇಳಿಯುವವರಿಗೆ ಕಾಣುವುದಿಲ್ಲವೆಂದರೆ ಇದೆಂಥ ಮಾಯ? ಮಾರನೆಯ ಬೆಳಿಗ್ಗೆ ನಾನು ಬೂಟು ಹಾಕಿಕೊಂಡು ಹಳದಿಯ ಹಿಂದೆ ಹೊರಟೇಬಿಟ್ಟೆ. ಹದಿನೇಳು ವರ್ಷ ಆ ಬೆಟ್ಟವನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದವಳು, ಒಮ್ಮೆಯೂ ಹತ್ತಿರಲಿಲ್ಲ. ದೋಣಿಗೆ ಬರುವವರನ್ನು ಬಿಟ್ಟು ಹೋಗುವುದು ಹೇಗೆ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಸೋಮಾರಿತನ.

ಹತ್ತುವಾಗ ಗುರುತುಗಳು ಒಂದರ ಹಿಂದೊಂದು ಕಣ್ಣಿಗೆ ರಾಚುತ್ತಿದ್ದವು. ಹಳದಿಯ ಕೆಲಸವನ್ನು ಆ ದಿನ ಹತ್ತಿರದಿಂದ ನೋಡಿದೆ. ಮೊದಲು ತಂತಿಬ್ರಷ್ಷಿನಿಂದ ಪಾಚಿ ಕೆರೆಯುತ್ತಾನೆ, ಬಟ್ಟೆಯಿಂದ ಒರೆಸುತ್ತಾನೆ, ಉಫ್ ಎಂದು ಊದುತ್ತಾನೆ, ಆಮೇಲೆ ಬಣ್ಣ. ಹಚ್ಚಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿ, "ಹೂಂ, ಕೂತ್ಕೊಂಡ" ಎನ್ನುತ್ತಾನೆ. ಪ್ರತಿ ಗುರುತೂ ಅವನಿಗೆ ಒಬ್ಬ ಮನುಷ್ಯ. ನನ್ನ ಮೈದುನ ಇಷ್ಟು ಚೆಂದದ ಕೆಲಸಗಾರ ಎಂದು ನನಗೆ ಗೊತ್ತೇ ಇರಲಿಲ್ಲ.

ನೆತ್ತಿ ತಲುಪಿ ಕೆಳಗೆ ನೋಡಿದೆ. ಸೀಳಿನಲ್ಲಿ ನದಿ ಹಸಿರು ರಿಬ್ಬನ್ನಿನ ಹಾಗೆ, ರಬ್ಬರ್ ದೋಣಿಗಳು ಚಪ್ಪಲಿಯಷ್ಟು. ನಮ್ಮ ಮನೆಯ ಮಾಡು ಕೂಡ ಕಂಡಿತು. ನಾನು ಬುತ್ತಿ ಬಿಚ್ಚುವಷ್ಟರಲ್ಲಿ ಹಳದಿ ಎದ್ದು ನಿಂತಿದ್ದ.

"ಬನ್ನಿ ಅತ್ತಿಗೆ, ಆಚೆ ಇಳಿದು ಬಸ್ಸಿಗೆ ಹೋಗೋಣ."

"ಯಾಕೆ? ಬಂದ ದಾರೀಲೇ ಇಳಿಯೋಣ. ಬಸ್ಸು ಸೇತುವೆ ಸುತ್ತಿ ಬರೋಕೆ ಒಂದೂವರೆ ಗಂಟೆ."

"ಇಳಿದ್ರೆ ನಂಗೆ ಮೊಣಕಾಲು ನೋವು."

"ಆಚೆ ಇಳಿದ್ರೆ ಬರದ ನೋವು ಈಚೆ ಇಳಿದ್ರೆ ಬರುತ್ತಾ? ಆಡಿನ ಹಾಗೆ ಹತ್ತಿದೆ ಈಗ. ಯಾರಿಗೆ ಹೇಳ್ತೀಯ?"

ಅವನು ಕಿವಿ ಕೆರೆದುಕೊಂಡ. ಆಮೇಲೆ ನೆಲ ನೋಡುತ್ತಾ, "ನಾನು ಈ ಕಡೆ ಇಳಿದೇ ಇಲ್ಲ ಅತ್ತಿಗೆ" ಎಂದ.

"ಯಾವತ್ತೂ?"

"ಒಂದ್ಸಲಾನೂ."

ನಾನು ತಿರುಗಿ, ಹತ್ತಿ ಬಂದ ದಾರಿಯತ್ತ ನೋಡಿದೆ. ಒಂದು ಕ್ಷಣ ನನ್ನ ಕಣ್ಣನ್ನೇ ನಂಬಲಿಲ್ಲ. ಬರೀ ಬೂದು ಬಂಡೆ, ಬರೀ ಮರ. ಹಳದಿಯ ಒಂದು ಚುಕ್ಕೆಯೂ ಇಲ್ಲ! ಎಲ್ಲ ಗುರುತುಗಳೂ ಕೆಳಗಿನಿಂದ ಬರುವವನ ಕಡೆಗೆ ಮುಖ ಮಾಡಿದ್ದವು, ಮೇಲಿನಿಂದ ನೋಡಿದವರಿಗೆ ಬಂಡೆಯ ಬೆನ್ನು ಮಾತ್ರ. "ಅಯ್ಯೋ ನಿನ್ನ! ತಿರುಗಿ ನೋಡೋ" ಎಂದು ಅವನ ಭುಜ ಹಿಡಿದು ತಿರುಗಿಸಿದೆ. ಅವನು ನೋಡಿದ. ತುಂಬಾ ಹೊತ್ತು ನೋಡಿದ. ಬಣ್ಣದ ಡಬ್ಬಿ ಕೆಳಗಿಟ್ಟು ಅಲ್ಲೇ ಕುಸಿದು ಕೂತ.

"ಅವರ ಕಣ್ಣಿಗೆ ಬೈದೆನಲ್ಲ ಅತ್ತಿಗೆ" ಎಂದ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಇದಕ್ಕೇ.

"ಅದಿರ್ಲಿ, ವಾರವಾರ ಆಚೆ ಇಳಿದು ಎಲ್ಲಿಗೆ ಹೋಗ್ತಿದ್ದೆ?"

ಹದಿನೇಳು ವರ್ಷ ಮುಚ್ಚಿದ್ದ ಡಬ್ಬಿ ಕೊನೆಗೂ ಬಾಯಿ ತೆರೆಯಿತು. "ಅಕ್ಕನ ಮನೆಗೆ. ಬಸ್ ನಿಲ್ದಾಣದ ಹತ್ರ ಅವಳ ಚಹಾದಂಗಡಿ ಇದೆ. ಊಟ ಮಾಡ್ಕೊಂಡು ಬಸ್ ಹತ್ತೀನಿ. ಅಣ್ಣನಿಗೆ ಹೇಳ್ಬೇಡಿ."

ಈ ನಾದಿನಿಯನ್ನು ನಾನು ಕಂಡಿಲ್ಲ. ನಾನು ಬರುವ ಹಿಂದಿನ ವರ್ಷವೇ ಅವಳು ಮನೆ ಬಿಟ್ಟು ಹೋಗಿದ್ದಳು. ನಮ್ಮ ದೋಣಿಮನೆಯ ಗೋಡೆಯಲ್ಲಿ ಒಂದು ತೆಳ್ಳಗಿನ ಹುಟ್ಟು ತೂಗುಹಾಕಿದೆ, ಅದು ಅವಳದು. ಒಮ್ಮೆ ಅದನ್ನು ಬಟ್ಟೆ ಒಣಹಾಕಲು ತೆಗೆದುಕೊಂಡಾಗ ನನ್ನ ಗಂಡ ಗುಡುಗಿದ್ದು ಇನ್ನೂ ನೆನಪಿದೆ. ನಡೆದದ್ದನ್ನು ಹಳದಿ ಆ ದಿನ ಹೇಳಿದ. ಅಣ್ಣನಿಗಿಂತ ಅವಳು ಒಳ್ಳೆಯ ಅಂಬಿಗಿತ್ತಿ. ನೀರು ಏರಿದ್ದ ದಿನ ಅವಳು ಬೇಡ ಬೇಡ ಎಂದರೂ ಕೇಳದೆ ಅಣ್ಣ ದೋಣಿ ಬಿಟ್ಟು, ಸೀಳಿನಲ್ಲಿ ಮಗುಚಿಕೊಂಡ. ಯಾರೂ ಸಾಯಲಿಲ್ಲ. ಆದರೆ ಅವಳು ಬಂದವರೆಲ್ಲರ ಎದುರಿಗೆ, "ನಿನಗೆ ನೀರು ಓದೋಕೆ ಬರಲ್ಲ" ಎಂದುಬಿಟ್ಟಳು. ಅಣ್ಣ, "ಈ ದಡಕ್ಕೆ ಇನ್ನು ಕಾಲಿಡಬೇಡ" ಎಂದ. ಅವಳು ಆಚೆ ದಡದಲ್ಲಿ ಇಳಿದು, ಇದೇ ದಾರಿಯಲ್ಲಿ ಹತ್ತಿ ಹೋದಳು. ತಿರುಗಿ ನೋಡಲಿಲ್ಲ.

ನಾವು ಇಳಿಯತೊಡಗಿದೆವು. ನಗಬೇಡಿ, ಎರಡು ಬಂಡೆ ಜೋಡಿಯಾಗಿ ನಿಂತ ಕಡೆ ಹಳದಿ ಬಲಕ್ಕೆ ತಿರುಗಿದ. ನನಗೆ ಅನುಮಾನ ಬಂತು. "ನನ್ನ ದಾರಿ ನನಗೆ ಗೊತ್ತಿಲ್ವಾ?" ಎಂದ. ಜಾರಿನಲ್ಲಿ ಕೂತು ಜಾರಿ, ಬಟ್ಟೆ ಹರಿದುಕೊಂಡು ನಾವು ಬಂದು ನಿಂತದ್ದು ಟವೆಲ್ ಬಂಡೆಯ ಮೇಲೆ! ಬೀಸಲು ಟವೆಲ್ಲೂ ಇರಲಿಲ್ಲ. ನಾನು ಸೆರಗು ಬೀಸಿದೆ. ಹಳದಿಯೋ ಅಡಗಲು ಜಾಗ ಹುಡುಕಿದ.

ನನ್ನ ಗಂಡ ದೋಣಿ ತಂದರು. ಒಮ್ಮೆ ನನ್ನನ್ನು, ಒಮ್ಮೆ ತಮ್ಮನನ್ನು ನೋಡಿ, ಮುಖ ಗಂಟು ಹಾಕಿಕೊಂಡೇ ಕೇಳಿದರು. "ದಾರಿ ತಪ್ಪಿದ್ರಾ?"

"ಹೂಂ ಅಣ್ಣ. ನಾನೇ ಹಾಕಿದ ದಾರೀಲಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ, ಇಷ್ಟು ವರ್ಷ ಯಾಕೆ ಈ ಕಡೆ ಇಳಿಯಲಿಲ್ಲ ಎಂದು ಕೇಳಿದರು. ಮೇಲ್ವಿಚಾರಕಿ ಇದೇ ಪ್ರಶ್ನೆ ಕೇಳುವವರಿದ್ದರು, ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹಳದಿ ನೀರು ನೋಡುತ್ತಾ ಎಲ್ಲವನ್ನೂ ಹೇಳಿದ. ಗಂಡ ಹುಟ್ಟು ಹಾಕುವುದನ್ನು ನಿಲ್ಲಿಸಿದರು. ದೋಣಿ ತಾನಾಗಿಯೇ ಸ್ವಲ್ಪ ದೂರ ತೇಲಿತು.

"ಹದಿನೆಂಟು ವರ್ಷ ನನ್ನ ದೋಣೀಲೇ ಕೂತ್ಕೊಂಡು ಅವಳ ಮನೆಗೆ ಹೋಗಿದೀಯ" ಎಂದರು. ಅಷ್ಟೇ. ಆಮೇಲೆ ರಭಸದಿಂದ ಹುಟ್ಟು ಹಾಕಿ ದೋಣಿಯನ್ನು ದಡಕ್ಕೆ ತಂದರು. ನನಗೆ ಬಂದ ಸಿಟ್ಟಿಗೆ, "ನಿಮ್ಮ ಹಠಕ್ಕಿಷ್ಟು ಬೆಂಕಿ ಹಾಕ!" ಎಂದು ದಡದಲ್ಲೇ ಕೂಗಿಬಿಟ್ಟೆ. ಅವರು ಬಗ್ಗಿ ದೋಣಿ ಕಟ್ಟತೊಡಗಿದರು.

ಉಳಿದ ದಿನಗಳಲ್ಲಿ ಹಳದಿ ಹೊಸ ಕ್ರಮ ಹಿಡಿದ. ಮೇಲಿನಿಂದ ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಬಂದ. "ನೀವು ಎಲ್ಲಿ ತಡವರಿಸ್ತೀರೋ ಅಲ್ಲೇ ನಿಂತ್ಕೊಳ್ಳಿ" ಎಂದ. ನಾನು ನಿಂತಲ್ಲೆಲ್ಲ ನನ್ನ ಕಣ್ಣಿನ ಎತ್ತರಕ್ಕೆ ಬಾಗಿ ನೋಡಿ, ಕಣ್ಣು ಬಿದ್ದ ಬಂಡೆಗೆ ಬಣ್ಣ ಹಚ್ಚಿದ. ದಾರಿ ಗೊತ್ತಿಲ್ಲದಿರುವುದೂ ಒಂದು ವಿದ್ಯೆ ಎಂದು ನನಗೆ ಆಗ ತಿಳಿಯಿತು. ಆದರೆ ಮೂರನೆಯ ಸಲಕ್ಕೆ ನಾನೂ ದಾರಿ ಕಲಿತುಬಿಟ್ಟಿದ್ದೆ. ಕಂಡದ್ದು ಗುರುತೋ ನೆನಪೋ, ಅವನಿಗೂ ಗೊತ್ತಾಗಲಿಲ್ಲ.

ಪರೀಕ್ಷೆಗೆ ಯಾರನ್ನು ಇಳಿಸುವುದು ಎಂದು ಮೇಲ್ವಿಚಾರಕಿ ಕೇಳಿದಾಗ ಹಳದಿ ತಟ್ಟನೆ ಹೇಳಿದ. "ನಮ್ಮಕ್ಕ. ಈ ದಾರೀಲಿ ಹತ್ತಿದಾಳೆ ಮೇಡಂ, ಇಳಿದಿಲ್ಲ. ಗುರುತು ಹಾಕೋಕೆ ಮುಂಚಿನ ಮಾತು." ಮೇಲ್ವಿಚಾರಕಿ ಒಪ್ಪಿದರು. ನನ್ನ ಗಂಡ ಎದ್ದು ಒಳಗೆ ಹೋದರು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಅವರು ದೋಣಿಯನ್ನು ನಡುನೀರಿಗೆ ಒಯ್ದು ನಿಲ್ಲಿಸಿಕೊಂಡರು. ಬಲಕ್ಕೆ ಮೆಟ್ಟಿಲು, ಎಡಕ್ಕೆ ಟವೆಲ್ ಬಂಡೆ, ಎರಡೂ ಒಂದೇ ಅಳತೆಯ ದೂರ. ಹಳದಿ ದೋಣಿಯ ಮೂತಿಯಲ್ಲಿ ಕೂತು ಕಿವಿಯನ್ನು ಕೆಂಪಗಾಗುವಷ್ಟು ಕೆರೆದುಕೊಂಡ. ನಾನು ನಡುವೆ. ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಹನ್ನೊಂದಾಯಿತು, ಹನ್ನೆರಡಾಯಿತು. ಟವೆಲ್ ಬಂಡೆಯ ಮೇಲಿನ ಜಾರಿನಲ್ಲಿ ಏನೋ ಅಲ್ಲಾಡಿತು. ಹಳದಿ ಕಣ್ಣು ಮುಚ್ಚಿಕೊಂಡ. ನೋಡಿದರೆ ಒಂದು ಕಲ್ಲು, ಉರುಳಿ ನೀರಿಗೆ ಬಿತ್ತು. ಅದರ ಹಿಂದೆ ಯಾರೂ ಬರಲಿಲ್ಲ.

ಬಲಗಡೆಯ ಮರಗಳ ನಡುವಿನಿಂದ ನೀಲಿ ಸೀರೆಯೊಂದು ಹೊರಬಂತು. ಬೆನ್ನ ಹಿಂದೆ ಮೇಲ್ವಿಚಾರಕಿ. ಹಳದಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ.

ದೋಣಿ ಮೆಟ್ಟಿಲಿಗೆ ತಾಗಿತು. ನಾದಿನಿ ಕೊನೆಯ ಮೆಟ್ಟಿಲಲ್ಲಿ ನಿಂತಳು. ಅವಳ ಹುಬ್ಬು ಥೇಟ್ ನನ್ನ ಗಂಡನದೇ. ಅವರು ತಲೆಯೆತ್ತದೆ ಕೇಳಿದರು.

"ದಾರಿ ತಪ್ಪಿದ್ಯಾ?"

"ಇಲ್ಲ ಅಣ್ಣ. ಈಗ ಗುರುತಿದೆ."

ನನ್ನ ಗಂಡ ಬಾಗಿ, ಕಾಲ ಕೆಳಗೆ ಗೋಣಿಯಲ್ಲಿ ಸುತ್ತಿಟ್ಟಿದ್ದುದನ್ನು ಎತ್ತಿದರು. ಗೋಡೆಯ ಮೇಲಿದ್ದ ತೆಳ್ಳಗಿನ ಹುಟ್ಟು ಅದು. ಅದನ್ನು ಯಾವಾಗ ಇಳಿಸಿದರೋ, ಯಾವಾಗ ಎಣ್ಣೆ ಹಚ್ಚಿದರೋ ನಾನು ನೋಡಿರಲಿಲ್ಲ. ಅವಳ ಕೈಗೆ ಕೊಟ್ಟು, ತಮ್ಮ ಜಾಗ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು.

"ನೀರು ಸ್ವಲ್ಪ ಏರಿದೆ" ಎಂದರು. "ನೀನೇ ದಡ ಮುಟ್ಟಿಸು."